ಐದು ಟೇಪು ಜೋಡಿಸಿ ಹೊಲಿದ ಮೇಡಂ

ಹೋದ ತಿಂಗಳು ನಮ್ಮ ಮೇಡಂ ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಎರಡು ನಿಮಿಷ ಮಾತಾಡಲು ನನ್ನನ್ನು ಕರೆದರು. ಯಾಕೆ ಕರೆದರೋ ಗೊತ್ತಿಲ್ಲ. ಕರೆದವರು ಈಗ ಕೈಕೈ ಹಿಸುಕಿಕೊಳ್ಳುತ್ತಿದ್ದಾರೆ ಎಂಬುದು ಮಾತ್ರ ಗೊತ್ತು. ಭಾಷಣವನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೈಕಿನ ಮುಂದೆ ನಿಂತ ಕೂಡಲೇ ಫೋನಿನ ಚಾರ್ಜು ಮುಗಿಯಿತು. ಆ ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಪೇಪರಿನ ಒಳಪುಟದಲ್ಲಿ ದಿನಾ ಕಣ್ಣಿಗೆ ಬೀಳುವ ಸಾಲು: "ಮೇಡಂ ಅವರ ಅಗಲಿಕೆ ತುಂಬಲಾರದ ನಷ್ಟ. ಅವರ ಆತ್ಮಕ್ಕೆ..."

ಅಷ್ಟಕ್ಕೆ ನಿಲ್ಲಿಸಿದೆ. ಸಭಾಂಗಣವೂ ನಿಂತುಹೋಗಿತ್ತು. ಮೇಡಂ ವೇದಿಕೆಯ ಮೇಲೆ ನನ್ನಿಂದ ನಾಲ್ಕಡಿ ದೂರದಲ್ಲಿ ಕುಳಿತು ಬಾದಾಮಿ ಹಾಲು ಕುಡಿಯುತ್ತಿದ್ದರು. ಹಾಲು ನೆತ್ತಿಗೆ ಹತ್ತಿ ಕೆಮ್ಮಿ, ಕಣ್ಣು ಒರೆಸಿಕೊಂಡು, ಮೈಕ್ ಇಲ್ಲದೆಯೇ ಕೊನೆಯ ಸಾಲಿನವರಿಗೂ ಕೇಳುವಂತೆ ಅಂದರು: "ಇನ್ನಾ ಅದೀನಲೇ! ಹಾಲರ ಕುಡ್ಯಾಕ ಬಿಡು!"

ಎರಡು ನಿಮಿಷದಲ್ಲಿ ಅವರನ್ನು ಕೊಂದವನು ನಾನು. ಹಾಗಾಗಿ ನಾಲ್ಕು ಪುಟ ಬರೆದಾದರೂ ಬದುಕಿಸುವ ಜವಾಬ್ದಾರಿ ನನ್ನದೇ. ಹೆಸರು ಹಾಕಕೂಡದೆಂದು ಅಪ್ಪಣೆಯಾಗಿದೆ. "ಹೆಸರು ಬಂತಂದ್ರ ನಮ್ಮ ಸತ್ಯನಾರಾಯಣಪೇಟಿ ಓಣಿ ಮಂದಿಯೆಲ್ಲಾ ಅದನ್ನ ಹಿಡ್ಕೊಂಡು ಮನಿಗೆ ಬರ್ತಾರ. ಎಲ್ಲಾರಿಗೂ ಚಾ ಮಾಡೋರು ಯಾರು?" ಆದ್ದರಿಂದ ಇಲ್ಲಿ ಅವರು ಬರೀ ಮೇಡಂ.

ಬಳ್ಳಾರಿಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ಮೇಡಂ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಬ್ರೂಸ್‌ಪೇಟೆಯ ದರ್ಜಿಯೊಬ್ಬರ ಮಗಳು. ಕಾಟನ್ ಸೀರೆ, ಅದರ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸರದ ಜೊತೆಗೆ ಒಂದು ಹಳದಿ ಅಳತೆ ಟೇಪು. ಕಪ್ಪೆಯ ಕಾಲಿನಿಂದ ಹಿಡಿದು ಪ್ರಾಂಶುಪಾಲರ ಟೇಬಲ್ಲಿನವರೆಗೆ ಅವರು ಅಳೆಯದೆ ಬಿಟ್ಟದ್ದು ಕಾಲೇಜಿನಲ್ಲಿ ಏನೂ ಇರಲಿಲ್ಲ. ಸಿಟ್ಟು ಬಂದಾಗ ತೆಲುಗು ಮಾತಾಡುವರು, ಖುಷಿಯಾದಾಗ ಕನ್ನಡ. "ಏಂಟ್ರಾ ಇದಿ?" ಎಂದರೆ ಹೊರಗೆ ಹೋಗಿ ನೀರು ಕುಡಿದು ಬಂದು ಇನ್ನೊಮ್ಮೆ ಮಾಡಬೇಕೆಂದು ಅರ್ಥ. ಮೂರು ವರ್ಷದಲ್ಲಿ ನಾನು ಕಲಿತ ತೆಲುಗನ್ನು ಕಂಡು ನಮ್ಮ ಆಂಧ್ರದ ನೆಂಟರು ಬೆರಗಾಗಿದ್ದರು. ಆದರೆ ನನಗೆ ಬರುತ್ತಿದ್ದದ್ದು ಬೈಗುಳ ಮಾತ್ರ ಎಂದು ಅವರಿಗೆ ಊಟಕ್ಕೆ ಕೂತಾಗ ತಿಳಿಯಿತು.

ಅವರ ಮೊದಲ ಕ್ಲಾಸು ಈಗಲೂ ನೆನಪಿದೆ. ಹಾಜರಿ ಕರೆದರು, ಪುಸ್ತಕ ತೆಗೆಯಲಿಲ್ಲ. ಗೋಡೆಯ ಮೇಲಿದ್ದ ಹಲ್ಲಿಯನ್ನು ತೋರಿಸಿದರು. "ಇವತ್ತು ಪಾಠ ಇದು ಮಾಡತೈತಿ. ಒಂದು ತಾಸು ನೋಡ್ರಿ. ಏನೇನು ಕಾಣತೈತಿ ಬರೀರಿ." ಎಲ್ಲರೂ ಗೀಚತೊಡಗಿದರು. ನಾನು 'ಹಲ್ಲಿ ಗೋಡೆ ಮೇಲೆ ಇದೆ' ಎಂದು ಬರೆದು, ಆ ಸಂಶೋಧನೆಯ ದಣಿವಿಗೆ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ತಾಸು ಮುಗಿದಾಗ ಅವರು ಒಂದೊಂದೇ ಹಾಳೆ ಓದುತ್ತಾ ಬಂದರು. ಮುಂದಿನ ಬೆಂಚಿನ ಒಬ್ಬ ಹಲ್ಲಿಯ ಹೃದಯದಲ್ಲಿ ಎಷ್ಟು ಕೋಣೆ ಎಂದು ಬರೆದಿದ್ದ. "ಇದು ನಿನಗ ಇಲ್ಲಿಂದ ಕಂಡ್ತೇನಪಾ?" ಎಂದು ಕೇಳಿದರು. ನನ್ನ ಹಾಳೆಯನ್ನು ಎತ್ತಿ ಹಿಡಿದಾಗ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಲು ಸಿದ್ಧನಾದೆ.

"ಈ ಪುಣ್ಯಾತ್ಮ ಒಂದು ತಾಸಿನಾಗ ಒಂದ ಸಾಲು ಬರದಾನ," ಎಂದರು. "ಆದ್ರ ಕಾಣಲಾರದ್ದು ಏನೂ ಬರದಿಲ್ಲ. ಕೂಡಪಾ."

ನನ್ನ ಜೀವನದಲ್ಲಿ ಶಿಕ್ಷಕರೊಬ್ಬರು ನನ್ನ ಬಗ್ಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು. ಅದನ್ನು ಮನೆಯಲ್ಲಿ ಹೇಳಿದಾಗ ಅವ್ವ, "ಒಂದ ಸಾಲು ಬರದಿ ಅಂತ ಬೈದಾರಲೇ ಅವ್ರು" ಎಂದಳು.

ಎರಡನೇ ವರ್ಷದಲ್ಲಿ ಮೇಡಂ ತಮ್ಮ ಸಂಶೋಧನೆಗೆ ಹುಡುಗರನ್ನು ಆರಿಸುತ್ತಿದ್ದಾರೆಂದು ಸುದ್ದಿಯಾಯಿತು. ಪ್ರತಿ ವರ್ಷ ಬಿ.ಎಸ್ಸಿ.ಯ ಇಬ್ಬರು ಮೂವರನ್ನು ಕಟ್ಟಿಕೊಂಡು ಏನಾದರೊಂದು ಹುಡುಕುವುದು ಅವರ ಪದ್ಧತಿ. ಪಕ್ಕದ ಕೋಣೆಯ ಹಿರಿಯ ಪ್ರೊಫೆಸರರಿಗೆ ಅದು ನಗೆಪಾಟಲು. "ಎಂ.ಎಸ್ಸಿ. ಹುಡುಗರಿಗೇ ಬರಂಗಿಲ್ರಿ ಮೇಡಂ. ಈ ಬಿ.ಎಸ್ಸಿ. ಮಕ್ಕಳ ಕೈಲಿ ಎಂಥಾ ರಿಸರ್ಚು?"

"ತಮಗ ಬರಂಗಿಲ್ಲ ಅನ್ನೋದು ಇವ್ರಿಗೆ ಇನ್ನಾ ಗೊತ್ತಾಗಿಲ್ಲ ನೋಡ್ರಿ ಸರ್," ಎಂದರು ಮೇಡಂ. "ಅದಕ್ಕ ಮಾಡಿಬಿಡ್ತಾರ."

ಆ ಸಲ ಮೊದಲು ಆರಿಸಿದ್ದು ಕುರುಗೋಡಿನ ನಿರ್ಮಲಾಳನ್ನು. ಅದರಲ್ಲಿ ಆಶ್ಚರ್ಯವಿಲ್ಲ. ಅವಳು ಬಸ್ ಟಿಕೆಟ್ಟಿನ ಹಿಂದೆಯೂ ದುಂಡಗೆ ನೋಟ್ಸ್ ಬರೆಯುವ ಹುಡುಗಿ. ಎರಡನೆಯವನಾಗಿ ನನ್ನನ್ನು ಕರೆದಾಗ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಮೂರು ಪೇಪರು ಬಾಕಿ ಇದ್ದವು. ಆಗ ನಾನು ಓದು ಬಿಟ್ಟು, ಅಪ್ಪ ಬಾಯ್ಲರ್ ನೋಡಿಕೊಳ್ಳುವ, ನಮ್ಮೂರು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಸೇರಿಕೊಳ್ಳುವ ಆಲೋಚನೆಯಲ್ಲಿದ್ದೆ. "ನಾನ್ಯಾಕ್ರಿ ಮೇಡಂ?" ಎಂದು ಕೇಳಿದೆ.

"ನೀನು ಕಾಲೇಜಿಗೆ ಬರೋದು ಕಿಟಕಿಯಾಗಿಂದ ದಿನಾ ನೋಡ್ತೀನಿ. ಬೆಲ್ ಆಗಿರತೈತಿ, ಎಲ್ಲಾರೂ ಓಡ್ತಿರ್ತಾರ. ನೀನು ಮಾತ್ರ ಒಂದ ನಮೂನಿ ನಡೀತಿ. ಹೆಚ್ಚಿಲ್ಲ, ಕಡಿಮಿಲ್ಲ. ನನಗ ಅಂಥಾ ನಡಿಗಿ ಬೇಕಾಗೇತಿ."

ಸೋಮಾರಿತನಕ್ಕೆ ಪದವಿ ಸಿಕ್ಕಿತು. ನಾನು ಅಂದಿನಿಂದ ಇನ್ನೂ ನಿಧಾನವಾಗಿ ನಡೆಯತೊಡಗಿದೆ. ಆದರೆ ಅದಕ್ಕೂ ಬೈಸಿಕೊಂಡೆ, ಮೊದಲಿನ ವೇಗವೇ ಇರಬೇಕಂತೆ.

ಸಂಶೋಧನೆ ಓತಿಕ್ಯಾತಗಳ ಮೇಲೆ. ನಮ್ಮ ಕಡೆಯ ಬಂಡೆಗಳ ಮೇಲೆ ಬಿಸಿಲು ಕಾಯುತ್ತಾ, ತಲೆ ಎತ್ತಿ ಇಳಿಸುತ್ತಾ ಕೂತಿರುತ್ತವಲ್ಲ, ಅವೇ. ಬೇಸಿಗೆ ಬಂತೆಂದರೆ ಗಂಡು ಓತಿಕ್ಯಾತ ಬೆನ್ನಿಗೆ ಕೆಂಪು, ಹೊಟ್ಟೆಗೆ ಕಪ್ಪು ಬಣ್ಣ ಬಳಿದುಕೊಂಡು ಮದುವೆ ಗಂಡಿನಂತೆ ಮೆರೆಯುತ್ತದೆ. ಮೇಡಂ ಅವರ ಪ್ರಶ್ನೆ ಸರಳವಾಗಿತ್ತು. ಬಳ್ಳಾರಿ ಗುಡ್ಡದ ಓತಿಕ್ಯಾತ ದಿನಾ ನೂರು ಜನರನ್ನು ನೋಡುತ್ತದೆ, ಬೆಳಗಿನ ವಾಕಿಂಗಿನವರು ಫೋನಿನಲ್ಲಿ ಹಾಡು ಹಾಕಿಕೊಂಡು ಅದರ ಬಾಲದ ಪಕ್ಕದಲ್ಲೇ ಹೋಗುತ್ತಾರೆ. ಕುರುಗೋಡಿನ ಗುಡ್ಡದ ಮೇಲಿನದು ಅಪರೂಪಕ್ಕೆ ಮನುಷ್ಯರನ್ನು ಕಾಣುತ್ತದೆ. ಹಾಗಾದರೆ ಮನುಷ್ಯ ಎಷ್ಟು ಹತ್ತಿರ ಬರುವತನಕ ಯಾವುದು ತಡೆದುಕೊಳ್ಳುತ್ತದೆ, ಯಾವುದು ಬೇಗ ಓಡುತ್ತದೆ? ನಾನು ಒಂದೇ ವೇಗದಲ್ಲಿ ಅದರ ಕಡೆ ನಡೆಯಬೇಕು. ಅದು ಓಡಿದ ಕ್ಷಣ ನಿಲ್ಲಬೇಕು. ನಿರ್ಮಲಾ ಟೇಪು ಹಿಡಿದು ದೂರ ಅಳೆದು ಬರೆದುಕೊಳ್ಳಬೇಕು. ಅಷ್ಟೇ.

ದರ್ಜಿಯ ಟೇಪು ಅಷ್ಟು ದೂರಕ್ಕೆ ಸಾಲುವುದಿಲ್ಲ. ಮೇಡಂ ಐದು ಟೇಪು ಒಂದರ ತುದಿಗೆ ಒಂದು ಇಟ್ಟು ಮಷೀನಿನಲ್ಲಿ ಹೊಲಿದು ತಂದಿದ್ದರು. ಅಂಗಡಿಯಲ್ಲಿ ಉದ್ದದ ಟೇಪು ಸಿಗುವುದಿಲ್ಲವೇ ಎಂದರೆ, "ಸಿಗತೈತಿ. ಕಬ್ಬಿಣದ್ದು. ಖಣಖಣ ಅಂತೈತಿ, ಓತಿಕ್ಯಾತ ಓಡತೈತಿ" ಎಂದರು. ಆ ಟೇಪಿನಲ್ಲಿ ಅಳೆಯುವಾಗ ಎಷ್ಟನೇ ತುಂಡಿನ ಎಷ್ಟನೇ ಗೆರೆ ಎಂದು ಲೆಕ್ಕ ಇಡಬೇಕು. ನಾನು ಒಮ್ಮೆ ಅಳೆದಾಗ ಓತಿಕ್ಯಾತ ನನ್ನ ಹೊಟ್ಟೆಯೊಳಗೆ ಇತ್ತೆಂದು ಲೆಕ್ಕ ಬಂತು. ಮರುದಿನದಿಂದ ಟೇಪು ಮುಟ್ಟುವುದು ನನಗೆ ನಿಷೇಧ.

ಕುರುಗೋಡಿಗೆ ಜಾಗ ನೋಡಲು ಮೊದಲ ಸಲ ಮೇಡಂ ಜೊತೆಗೇ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಒಬ್ಬ ಹೆಂಗಸು ಅವರ ಕೊರಳಿನ ಟೇಪು ನೋಡಿ, "ಅಕ್ಕಾ, ಬ್ಲೌಸ್ ಹೊಲೀತೀಯೇನು?" ಎಂದಳು. ಮೇಡಂ ತಾವು ಪ್ರೊಫೆಸರೆಂದು ಹೇಳಬಹುದಿತ್ತು. ಅವರು ಅಲ್ಲೇ ಬೇವಿನ ಮರದ ನೆರಳಿಗೆ ಕರೆದುಕೊಂಡು ಹೋಗಿ ಆಕೆಯ ಅಳತೆ ತೆಗೆದು, ನಿರ್ಮಲಾಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆದುಕೊಟ್ಟು, "ನಿನ್ನ ದರ್ಜಿ ತೋಳು ಬಿಗಿ ಹಿಡೀತಾನ, ಅರ್ಧ ಇಂಚು ಬಿಡಾಕ ಹೇಳು" ಎಂದು ಕಳಿಸಿದರು. ಬಸ್ಸಿನಲ್ಲಿ ಕೂತವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಇನ್ನಿಬ್ಬರು ಇಳಿದು ಸಾಲಿನಲ್ಲಿ ನಿಂತರು. ಆ ದಿನ ನಾವು ಗುಡ್ಡ ಹತ್ತುವಾಗ ಹನ್ನೊಂದಾಗಿತ್ತು.

ಕೆಲಸಕ್ಕೆ ಒಂದು ಕಟ್ಟಾ ನಿಯಮವಿತ್ತು. ನಡೆಯುವವನ ವೇಷ ಬದಲಾಗಕೂಡದು. ಮೇಡಂ ಒಂದೇ ಥಾನಿನ ಬೂದಿ ಬಣ್ಣದ ಬಟ್ಟೆ ತಂದು ನನಗೆ ಎರಡು ಅಂಗಿ ತಾವೇ ಹೊಲಿದುಕೊಟ್ಟರು. ಅಂಗಿ ಚೆನ್ನಾಗಿಯೇ ಇತ್ತು, ಒಳಗಿದ್ದವನು ಚೆನ್ನಾಗಿರಲಿಲ್ಲ. ಅದನ್ನು ಹಾಕಿಕೊಂಡರೆ ನಾನು ನಗರಸಭೆಯ ನೀರಿನ ಪೈಪಿನಂತೆ ಕಾಣುತ್ತಿದ್ದೆ. ಬಳ್ಳಾರಿ ಗುಡ್ಡದ ಮೇಲೆ ಹದಿನೈದು ದಿನ ಪೈಪಾಗಿ ನಡೆದೆ. ಒಬ್ಬ ವಾಕಿಂಗಿನ ಹಿರಿಯರು ನಾನು ಒಂದೊಂದೇ ಹೆಜ್ಜೆ ಇಡುವುದನ್ನು ನೋಡಿ, "ಪಾರ್ಶ್ವವಾಯು ಆಗಿತ್ತೇನಪಾ? ಅಂಜಬ್ಯಾಡ, ದಿನಾ ನಡಿ, ಸರಿ ಆಗತೈತಿ" ಎಂದು ಧೈರ್ಯ ಹೇಳಿದರು.

ಆಮೇಲೆ ಕುರುಗೋಡಿನ ಸರದಿ. ಮೇಡಂಗೆ ಪರೀಕ್ಷೆಯ ಕೆಲಸ ಬಂದದ್ದರಿಂದ ನಾವಿಬ್ಬರೇ ಹೋಗಬೇಕಾಯಿತು. ಹಿಂದಿನ ದಿನ ನಿರ್ಮಲಾ, "ಮಧ್ಯಾಹ್ನ ನಮ್ಮ ಮನಿಯಾಗ ಊಟ. ಅಪ್ಪ, ಅವ್ವ, ಕಾಕಾ, ಕಾಕಿ ಎಲ್ಲಾರೂ ಇರ್ತಾರ" ಎಂದಳು. ಅಷ್ಟು ಜನರ ಮುಂದೆ ನೀರಿನ ಪೈಪಾಗಿ ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ. ನನ್ನ ಹತ್ತಿರ ಒಂದು ಕೆಂಪು ಅಂಗಿ ಇತ್ತು. ಎಂಥ ಕೆಂಪು ಎಂದರೆ, ಅದನ್ನು ಹಾಕಿಕೊಂಡು ಬಳ್ಳಾರಿಯ ಗಾಂಧಿನಗರದಲ್ಲಿ ನಡೆದರೆ ಆಟೋಗಳು ಸಿಗ್ನಲ್ ಎಂದು ನಿಲ್ಲಬೇಕು. ಅದನ್ನೇ ಹಾಕಿಕೊಂಡು ಬಸ್ ಇಳಿದೆ.

"ಬೂದಿ ಅಂಗಿ ಎಲ್ಲೋ?" ಎಂದಳು ನಿರ್ಮಲಾ.

"ಓತಿಕ್ಯಾತಕ್ಕ ಬಣ್ಣ ಕಾಣಂಗಿಲ್ಲ," ಎಂದೆ. ಮೂರು ಪೇಪರು ಬಾಕಿ ಇದ್ದವನ ಆತ್ಮವಿಶ್ವಾಸಕ್ಕೆ ಸಾಟಿಯಿಲ್ಲ. ಅವಳು ಪಾಪ, ನಂಬಿದಳು. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಬದನೇಕಾಯಿ ಎಣಗಾಯಿ ಇತ್ತು. ಅವರ ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ "ಅಂಗಿ ಛಲೋ ಐತಿ" ಎಂದರು. ಎಲ್ಲ ಸಾರ್ಥಕವಾಯಿತು. ಮುಂದಿನ ಹತ್ತು ದಿನವೂ ಅದೇ ಅಂಗಿ.

ಕುರುಗೋಡಿನ ಓತಿಕ್ಯಾತಗಳು ನನ್ನನ್ನು ಕಂಡರೆ ನಾಲ್ಕನೇ ಟೇಪಿನ ದೂರದಿಂದಲೇ ಪರಾರಿಯಾಗುತ್ತಿದ್ದವು. ಕೆಲವು ಗಂಡುಗಳು ಓಡುವ ಮೊದಲು ನನ್ನತ್ತ ತಿರುಗಿ ದಂಡ ಹೊಡೆದು ಸವಾಲು ಹಾಕಿದವು. ನಾನೂ ಒಂದಕ್ಕೆ ಉತ್ತರವಾಗಿ ನಾಲ್ಕು ದಂಡ ಹೊಡೆದೆ. ಕುರಿ ಕಾಯುತ್ತಿದ್ದ ಅಜ್ಜ, "ಪೊಲೀಸ್ ಸೆಲೆಕ್ಷನ್ನಿಗೇನು? ಬೆನ್ನು ನೆಟ್ಟಗ ಇಡು" ಎಂದು ತಿದ್ದಿದ. ಬಳ್ಳಾರಿಯವು ಒಂದೂವರೆ ಟೇಪಿನವರೆಗೆ ಬಿಟ್ಟುಕೊಂಡಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನಿರ್ಮಲಾ ಗ್ರಾಫ್ ಬರೆದಾಗ ಅದು ಒಂದು ಕಡೆ ಗುಡ್ಡ, ಒಂದು ಕಡೆ ತಗ್ಗು, ಅಷ್ಟು ಸ್ಪಷ್ಟ. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. "ಇಷ್ಟು ಚಂದ ಬಂದ್ರ ನನಗ ಹೆದರಿಕಿ ಆಗತೈತಿ" ಎಂದರು. ನಾವು ಅದನ್ನು ಹೊಗಳಿಕೆ ಎಂದುಕೊಂಡೆವು.

ಆ ವಾರವೇ ನೋಟಿಸ್ ಬೋರ್ಡಿನಲ್ಲಿ ವಿಶ್ವವಿದ್ಯಾಲಯದ ಒಂದು ಪ್ರಕಟಣೆ ಬಂತು. ಪದವಿ ವಿದ್ಯಾರ್ಥಿಗಳಿಗೆ ಚೆನ್ನಾಗಿ ಕಲಿಸಿ, ಅವರನ್ನು ಸೇರಿಸಿಕೊಂಡು ಸಂಶೋಧನೆ ಮಾಡುವ ಅಧ್ಯಾಪಕರಿಗೆ ಪ್ರಶಸ್ತಿ. ಹೆಸರು ಸೂಚಿಸಬೇಕಾದವರು ವಿದ್ಯಾರ್ಥಿಗಳೇ. ಕೆಳಗೆ ಸಣ್ಣಕ್ಷರದಲ್ಲಿ, ಅಧ್ಯಾಪಕರ ಸೇವಾವಧಿ ಎರಡು ವರ್ಷವಾದರೂ ಉಳಿದಿರಬೇಕು ಎಂದಿತ್ತು. ಮೇಡಂಗೆ ಉಳಿದದ್ದು ಎರಡು ವರ್ಷ, ಮೇಲೆ ಕೆಲವು ವಾರ. ಅಂದರೆ ಈ ಸಲ ಇಲ್ಲವಾದರೆ ಎಂದೂ ಇಲ್ಲ. ಪಕ್ಕದ ಕೋಣೆಯ ಪ್ರೊಫೆಸರರ ಮುಂದೆ ಅವರು ಶಾಲು ಹೊದ್ದು ನಡೆಯುವುದನ್ನು ನಾನು ಆಗಲೇ ಕಣ್ಣಲ್ಲಿ ಕಂಡುಬಿಟ್ಟೆ. ಅವರಿಗೆ ಹೇಳದೆಯೇ ಸೂಚಕನ ಜಾಗದಲ್ಲಿ ನನ್ನ ಹೆಸರು ಬರೆದು ಫಾರಂ ತುಂಬಿ ಕಳಿಸಿದೆ. ನಾನು ಜೀವನದಲ್ಲಿ ಕೊನೆಯ ದಿನಾಂಕಕ್ಕಿಂತ ಮೊದಲು ಕಳಿಸಿದ ಒಂದೇ ಫಾರಂ ಅದು. ಓತಿಕ್ಯಾತದ ಅಧ್ಯಯನವನ್ನೇ ಮುಖ್ಯ ಸಾಧನೆ ಎಂದು ತೋರಿಸಿದೆ.

ತಿಳಿದಾಗ ಮೇಡಂ "ಏಂಟ್ರಾ ಇದಿ?" ಅಂದರು. ಆದರೆ ಆ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲವೆಂದುಕೊಂಡು ಮೆಲ್ಲಗೆ ಹಾಡಿಕೊಳ್ಳುತ್ತಾ ಕಪ್ಪೆಯ ಬಾಟಲಿ ಒರೆಸುತ್ತಿದ್ದದ್ದನ್ನು ನಾನು ಬಾಗಿಲಿನಿಂದ ಕೇಳಿದೆ. ಅವರಿಗೂ ಆಸೆಯಿತ್ತು.

ಹತ್ತು ದಿನದಲ್ಲಿ ವಿಶ್ವವಿದ್ಯಾಲಯದವರು ಕೆಲಸದ ಫೋಟೋ ಕೇಳಿದರು. ನಿರ್ಮಲಾ ತನ್ನ ಫೋನಿನಲ್ಲಿದ್ದ ಕುರುಗೋಡಿನ ಫೋಟೋಗಳನ್ನೆಲ್ಲ ನನಗೆ ಕಳಿಸಿದಳು. ನೋಡಿದೆ. ಬಂಡೆಯ ಮೇಲೆ ಕೆಂಪು ಗಂಡು ಓತಿಕ್ಯಾತ, ಎದುರಿಗೆ ಕೆಂಪು ನಾನು. ಆಗ ನೆನಪಾಯಿತು, ಮೇಡಂ ಕ್ಲಾಸಿನಲ್ಲಿ ಹೇಳಿದ ಮಾತು. ಬೇಸಿಗೆಯಲ್ಲಿ ಗಂಡಿಗೆ ಎದುರಾಳಿಯ ಕೆಂಪು ಕಂಡರೆ ಆಗಿಬರುವುದಿಲ್ಲ. ಆ ದಿನ ನಾನು ನಿದ್ದೆ ಮಾಡುತ್ತಿದ್ದೆ ಎಂದುಕೊಂಡಿದ್ದೆ. ಕಿವಿ ಎಚ್ಚರವಿತ್ತೆಂದು ಕಾಣುತ್ತದೆ. ಕುರುಗೋಡಿನ ಓತಿಕ್ಯಾತಗಳು ಮನುಷ್ಯನಿಗೆ ಹೆದರಿ ಓಡಿರಲಿಲ್ಲ. ಆರಡಿ ಎತ್ತರದ ಒಂದು ಗಂಡು ಓತಿಕ್ಯಾತ ಎರಡು ಕಾಲಿನ ಮೇಲೆ ನಡೆದು ಬರುವುದನ್ನು ಕಂಡು ಓಡಿದ್ದವು.

ಸತ್ಯ ಹೇಳಿದರೆ ಪ್ರಶಸ್ತಿ ಹೋಯಿತು. ಹೇಳದಿದ್ದರೆ ಫೋಟೋ ಹೇಳುತ್ತದೆ. ನಾನು ಮೂರನೇ ದಾರಿ ಹುಡುಕಿದೆ. ಫೋನಿನಲ್ಲಿ ಬಣ್ಣ ಬದಲಿಸುವ ಒಂದು ಆಪ್ ಇಳಿಸಿಕೊಂಡು, ಕೆಂಪನ್ನು ಬೂದಿ ಮಾಡು ಎಂದು ಒತ್ತಿದೆ. ಒಂದೇ ಕ್ಷಣದಲ್ಲಿ ಅಂಗಿ ಬೂದಿಯಾಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಹೊರಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಂದು, ಫೋಟೋ ಮೇಡಂಗೆ ಕೊಟ್ಟೆ.

ಮೇಡಂ ಕನ್ನಡಕ ಏರಿಸಿ ನೋಡಿದರು. ನನ್ನ ಅಂಗಿಯ ಕಡೆ ನೋಡಲೇ ಇಲ್ಲ.

"ಈ ಗಂಡಿಗೆ ಏನಾಗೇತಲೇ?"

"ಯಾವ ಗಂಡಿಗ್ರಿ?"

"ಈ ಓತಿಕ್ಯಾತಕ್ಕ. ಹೊಟ್ಟಿ ಕಪ್ಪೈತಿ, ಅಂದ್ರ ಬಣ್ಣ ಬಂದಿರೋ ಗಂಡು. ಬೆನ್ನು ಯಾಕ ಬೂದಿ ಐತಿ? ಮೂವತ್ತು ವರ್ಷದಾಗ ಇಂಥದ್ದು ನೋಡಿಲ್ಲ ನಾನು. ಹೊಸ ಜಾತಿ ಇರಬಹುದೇನೋ!" ಅವರ ದನಿ ಏರುತ್ತಿತ್ತು. "ಯಾವ ಬಂಡಿಗಲ್ಲ ಮ್ಯಾಲ ಇತ್ತು? ನಡಿ, ಈಗ ಹೋಗೂಣು ಕುರುಗೋಡಿಗೆ!" ಕ್ಯಾನ್ವಾಸ್ ಬೂಟಿನ ಲೇಸು ಕಟ್ಟಿಕೊಳ್ಳಲು ಆಗಲೇ ಬಗ್ಗಿದ್ದರು.

ಆಪು ಕೆಂಪು ಎಲ್ಲೆಲ್ಲಿದ್ದರೂ ಬೂದಿ ಮಾಡಿತ್ತು. ಮೇಡಂ ಹೊಸ ಜೀವಿಗೆ ಹೆಸರಿಡುವ ಮುಂಚೆ ನಾನು ಬಾಯಿ ಬಿಡಲೇಬೇಕಾಯಿತು. ಅಂಗಿ, ಊಟ, ಕಾಕಾ, ಆಪು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಮೊದಲು ಅವರು ನಕ್ಕರು. ಬೂಟಿನ ಲೇಸು ಹಿಡಿದುಕೊಂಡೇ, ಸ್ಟೂಲಿನ ಮೇಲೆ ಕೂತು, ಕನ್ನಡಕ ತೆಗೆದಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಕೋಣೆಯ ಪ್ರೊಫೆಸರರು ಇಣುಕಿ ನೋಡಿ ಹೋದರು. ಆಮೇಲೆ ನಗು ನಿಂತಿತು. ಅವರು ಗ್ರಾಫನ್ನು ತೆಗೆದು ಟೇಬಲ್ಲಿನ ಮೇಲೆ ಇಟ್ಟು, ಅಂಗೈಯಿಂದ ಸವರಿ ಮಡಿಕೆ ಬಿಡಿಸಿದರು. ತೆಲುಗೂ ಇಲ್ಲ, ಕನ್ನಡವೂ ಇಲ್ಲ.

ನಾನು ಆ ದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ನಾಲ್ಕು ದಿನ ಕಾಲೇಜಿಗೆ ಹೋಗಲಿಲ್ಲ. ನಿರ್ಮಲಾ ಫೋನು ಮಾಡಿ, "ಓತಿಕ್ಯಾತಕ್ಕ ಬಣ್ಣ ಕಾಣಂಗಿಲ್ಲ ಅಂದಿದ್ದಿಯಲ್ಲಾ, ಯಾವ ಪುಸ್ತಕದಾಗ ಓದಿದ್ದಿ ಹೇಳು, ಅದನ್ನ ಸುಡತೀನಿ" ಎಂದಳು. ನಮ್ಮೂರ ಸುತ್ತ ಭತ್ತದ ಗದ್ದೆ ಬಿಟ್ಟರೆ ಏನಿಲ್ಲ, ನಾಯಿಗೆ ಹೊಡೆಯಲು ಕಲ್ಲು ಬೇಕೆಂದರೂ ಹುಡುಕಬೇಕು. ಓತಿಕ್ಯಾತದ ಮುಖ ನೋಡದೆ ಬದುಕಲು ಅದಕ್ಕಿಂತ ಒಳ್ಳೆಯ ಊರಿಲ್ಲ. ಅಪ್ಪನಿಗೆ, ಗಿರಣಿಗೆ ಬರುತ್ತೇನೆ, ಓದು ಸಾಕು ಎಂದೆ. ಅಪ್ಪ ಬಾಯ್ಲರಿನ ಮಸಿ ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಐದನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಕ್ಯಾನ್ವಾಸ್ ಬೂಟು. ನಾನು ಹಿತ್ತಲ ಬಾಗಿಲಿನ ಕಡೆ ಹೊರಟೆ, ಅದೂ ಓಡದೆ, ಅದೇ ನಡಿಗೆಯಲ್ಲಿ. ಹಾಗಾಗಿ ಸಿಕ್ಕಿಬಿದ್ದೆ.

ಅವ್ವ ಸೆರಗು ಸರಿ ಮಾಡಿಕೊಂಡು ಬಂದಳು. "ಏನ್ ಮಾಡ್ಯಾನ್ರಿ ನನ್ನ ಮಗ?"

"ಕೆಂಪು ಅಂಗಿ ಹಾಕ್ಯಾನ್ರಿ," ಎಂದರು ಮೇಡಂ.

ಅವ್ವ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಅಷ್ಟಕ್ಕ ಬಳ್ಳಾರಿಯಿಂದ ಬಸ್ ಹತ್ತಿ ಬಂದ್ರ್ಯಾ? ಡಿಗ್ರಿ ಕಾಲೇಜು ಇಷ್ಟು ಸ್ಟ್ರಿಕ್ಟ್ ಇರತೈತಂತ ಗೊತ್ತಿರಲಿಲ್ಲ ನೋಡ್ರಿ ನನಗ."

ಮೇಡಂ ನೀರು ಕುಡಿದು, ಚಾಪೆಯ ಮೇಲೆ ಕೂತು, ಬ್ಯಾಗಿನಿಂದ ಒಂದು ಪತ್ರ ತೆಗೆದರು. ಪ್ರಶಸ್ತಿಯಿಂದ ತಮ್ಮ ಹೆಸರು ಕೈಬಿಡಿರೆಂದು ಅವರು ವಿಶ್ವವಿದ್ಯಾಲಯಕ್ಕೆ ಬರೆದಿದ್ದರು. ಅಲ್ಲಿಂದ ಉತ್ತರ ಬಂದಿತ್ತು. ಹೆಸರು ಸೂಚಿಸಿದವರೇ ಖುದ್ದಾಗಿ ಬಂದು, ಕಾರಣ ಬರೆದು, ಸಹಿ ಹಾಕಿ ಹಿಂಪಡೆಯಬೇಕು, ಅಧ್ಯಾಪಕರ ಪತ್ರ ನಡೆಯುವುದಿಲ್ಲ. ಸೂಚಿಸಿದವನು ನಾನು.

"ಮೇಡಂ, ಕುರುಗೋಡಿನ ಲೆಕ್ಕ ತಗದುಬಿಡೂಣ್ರಿ," ಎಂದೆ. "ಬಳ್ಳಾರಿದು ಸರಿ ಐತೆಲ್ಲಾ. ಯಾರು ಕೇಳ್ತಾರ? ನಿಮಗ ಇದ ಕೊನೀ ಸಲ."

"ಹೌದು, ಕೊನೀ ಸಲ," ಎಂದರು. "ನನಗೂ ಶಾಲು ಹೊದಿಸಿಕೊಳ್ಳೋ ಆಸಿ ಇತ್ತು, ಇಲ್ಲಾ ಅನ್ನಂಗಿಲ್ಲ. ಆದ್ರ ನಾನು ಆ ಫಾರಂ ಮ್ಯಾಲ ಏನಂತ ಹೊದ್ಕೊಳ್ಳಲಿ? ಹುಡುಗರಿಗೆ ರಿಸರ್ಚ್ ಕಲಿಸೀನಿ ಅಂತನಾ? ಏನು ಕಲಿಸೀನಿ? ಆಪ್ ಒತ್ತಾಕಾ?" ಪತ್ರವನ್ನು ನನ್ನ ಮುಂದೆ ಸರಿಸಿ, "ನೀನ ಸಹಿ ಮಾಡಿದ್ರ ಆತು. ಇಲ್ಲಂದ್ರ ಆ ಲೆಕ್ಕ ಹಂಗ ಮುಂದ ಹೋಗತೈತಿ. ನಾನು ಒತ್ತಾಯ ಮಾಡಂಗಿಲ್ಲ" ಎನ್ನುತ್ತಾ ಎದ್ದು ಬೂಟು ಹಾಕಿಕೊಂಡರು.

ಒಳಗಿನಿಂದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ನನ್ನ ತಲೆಗೆ ಒಂದು ಕೊಟ್ಟಳು. "ಏಳಲೇ. ಅವ್ರು ಬೂಟು ಹಾಕ್ಕೊಂಡು ನಿಂತಾರ."

ಆಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಪ್ರಶಸ್ತಿ ಬೇರೆ ಊರಿನ ಬೇರೆ ಅಧ್ಯಾಪಕರಿಗೆ ಹೋಯಿತು, ಅವರೂ ಒಳ್ಳೆಯವರೇ ಅಂತೆ. ನಾವು ಮುಂದಿನ ಬೇಸಿಗೆಯಲ್ಲಿ ಎರಡೂ ಗುಡ್ಡಗಳ ಮೇಲೆ, ಎರಡೂ ಬಣ್ಣದ ಅಂಗಿಯಲ್ಲಿ ಮೊದಲಿನಿಂದ ಮಾಡಿದೆವು. ಈ ಸಲ ಮೇಡಂ ಪ್ರತಿ ಭಾನುವಾರ ಜೊತೆಗಿದ್ದರು. ಬೂದಿ ಅಂಗಿಯಲ್ಲಿ ಕುರುಗೋಡಿನ ಓತಿಕ್ಯಾತಗಳು ಬಳ್ಳಾರಿಯವುಗಳಿಗಿಂತ ಬರೀ ಅರ್ಧ ಟೇಪು ಮೊದಲು ಓಡಿದವು. ಕೆಂಪು ಅಂಗಿಗೆ ಎರಡೂ ಊರಿನ ಗಂಡುಗಳು ದಿಕ್ಕಾಪಾಲಾದವು. ಅದು ಒಂದು ಸಣ್ಣ ಪತ್ರಿಕೆಯಲ್ಲಿ ಅಚ್ಚಾಯಿತು, ನಿರ್ಮಲಾಳ ಹೆಸರು ಮೊದಲು, ಆಮೇಲೆ ನನ್ನದು, ಕೊನೆಗೆ ಮೇಡಂ ಅವರದು. ನನ್ನ ಬಾಕಿ ಪೇಪರುಗಳೂ ಪಾಸಾದವು. ಕೊನೆಯದನ್ನು ನಾನು ಮೂರನೇ ಪ್ರಯತ್ನದಲ್ಲಿ ಪಾಸು ಮಾಡಿದಾಗ ಪಕ್ಕದ ಕೋಣೆಯ ಪ್ರೊಫೆಸರರೇ ಪೇಡೆ ಹಂಚಿದರು, ನಾನು ಹೊರಗೆ ಹೋಗುತ್ತೇನೆಂಬ ಸಂತೋಷಕ್ಕೆ.

ಆದರೆ ಮೇಡಂ ಎಂದರೆ ನನಗೆ ಕಣ್ಣಿಗೆ ಕಟ್ಟುವುದು ಸಿರುಗುಪ್ಪದಿಂದ ನೇರ ವಿಶ್ವವಿದ್ಯಾಲಯದ ಕಚೇರಿಗೆ ಹೋದ ಆ ಮಧ್ಯಾಹ್ನ. ಬಸ್ಸಿನಲ್ಲಿ ಕೂತು ನಾನು ಎರಡು ಪುಟ ಕಾರಣ ಬರೆದೆ. ಅದರಲ್ಲಿ ಹವಾಮಾನವಿತ್ತು, ಬಸ್ಸಿನ ಅನಾನುಕೂಲವಿತ್ತು, ನಿರ್ಮಲಾಳ ಕಾಕಾ ಇದ್ದರು. ಮೇಡಂ ಪೆನ್ನು ತೆಗೆದುಕೊಂಡು ಒಂದೊಂದೇ ಸಾಲು ಹೊಡೆಯುತ್ತಾ ಬಂದರು. ಬಳ್ಳಾರಿ ಮುಟ್ಟುವ ಹೊತ್ತಿಗೆ ಉಳಿದದ್ದು ಇಷ್ಟೇ: 'ನಿಯಮ ಮೀರಿ ನಾನು ಕೆಂಪು ಅಂಗಿ ಹಾಕಿದ್ದರಿಂದ ಈ ಫಲಿತಾಂಶ ತಪ್ಪಾಗಿದೆ.'

ಕಚೇರಿಯ ಗುಮಾಸ್ತರು ಅದನ್ನು ಮೊದಲು ಮನಸ್ಸಿನಲ್ಲಿ ಓದಿದರು, ಆಮೇಲೆ ಜೋರಾಗಿ. ಆಮೇಲೆ ಪಕ್ಕದ ಟೇಬಲ್ಲಿನವರನ್ನು ಕರೆದು ಓದಿಸಿದರು.

"ಮೇಡಂ, ನನ್ನ ಸರ್ವಿಸಿನಾಗ ಪ್ರಶಸ್ತಿ ಕೊಡ್ರಿ ಅಂತ ಬಂದೋರ್ನ ನೋಡೀನಿ, ಯಾಕ ಕೊಡಲಿಲ್ಲ ಅಂತ ಬಡದಾಡಾಕ ಬಂದೋರ್ನ ನೋಡೀನಿ. ಅಂಗಿ ಕೆಂಪಿತ್ತು, ಬ್ಯಾಡ ಅಂತ ಬಂದೋರು ನೀವ ಮೊದಲು. ಬಿಡ್ರಿ, ಯಾರಿಗೆ ಗೊತ್ತಾಗತೈತಿ? ಈ ಹುಡುಗ ಏನೋ ಬುದ್ಧಿ ಇಲ್ಲದ ಬರದಾನ. ಯಾರ್ರೀ ಇವ, ನಿಮ್ಮ ಸ್ಟೂಡೆಂಟಾ?"

ಪಕ್ಕದಲ್ಲಿ ಮಸಿ ಹತ್ತಿದ ಅಂಗಿಯಲ್ಲಿ ನಿಂತಿದ್ದ ನನ್ನನ್ನು ಮೇಡಂ ಒಮ್ಮೆ ನೋಡಿದರು.

"ನನ್ನ ಕೂಡ ಕೆಲಸ ಮಾಡೋ ಸಂಶೋಧಕ್ರು," ಎಂದರು.

ನನ್ನ ಕಣ್ಣು ಮಂಜಾಯಿತು. ಗುಮಾಸ್ತರು ಎದ್ದು ನಿಂತು ಫಾರಂ ನನ್ನ ಮುಂದೆ ಇಟ್ಟರು. ಎದೆಯುಬ್ಬಿಸಿ, ಪೂರ್ತಿ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಹಾಕಿದೆ. ಗುಮಾಸ್ತರು ಅದನ್ನು ತಿರುಗಿಸಿ ನೋಡಿದರು. ನನ್ನನ್ನು ನೋಡಿದರು.

"ಸಂಶೋಧಕ್ರ, ಇದು ಕುಲಪತಿಗಳು ಸಹಿ ಮಾಡೋ ಜಾಗ."

ಮೇಡಂ ನನ್ನ ಕಡೆ ತಿರುಗಲೂ ಇಲ್ಲ. ಕೌಂಟರಿನ ಮೇಲೆ ಕೈ ಚಾಚಿದರು.

"ಇನ್ನೊಂದು ಫಾರಂ ಕೊಡ್ರಿ. ಅವ್ರು ಮತ್ತ ಮಾಡ್ತಾರ."